ಐದು ಸಲ ‘ಯಾಕೆ’ ಅನ್ನುವ ಗೆಳೆಯ

ಸಮಸ್ಯೆ ಬಿಡಿಸುವವನು ಮನೆಯಲ್ಲಿದ್ದರೆ ಸಮಸ್ಯೆಗಳಿಗೆ ಬರವಿಲ್ಲ.

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ. ನಾನೂ ಗದಗಿನ ಗೆಳೆಯನೂ ತೆಲುಗು ನಾಡಿನ ಗಾಜುವಾಕದಲ್ಲಿ ಒಟ್ಟಿಗೆ ಮನೆ ಮಾಡಿಕೊಂಡು ಪರವಾಡದ ಔಷಧಿ ಫ್ಯಾಕ್ಟರಿಗೆ ಹೋಗುತ್ತಿದ್ದೆವು. ಏನೇ ಕೆಟ್ಟರೂ ಐದು ಸಲ ‘ಯಾಕೆ’ ಎಂದು ಕೇಳಿದರೆ ಮೂಲ ಕಾರಣ ಸಿಗುತ್ತದೆಂದು ಅವನಿಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಪುಣ್ಯಾತ್ಮ ಅದನ್ನು ಮನೆಗೂ ತಂದ.

ತಳ ಹಿಡಿದ ಅನ್ನ

ಒಂದು ಭಾನುವಾರ ನಾನಿಟ್ಟ ಅನ್ನ ತಳ ಹಿಡಿಯಿತು. ಅವನು ಕುಕ್ಕರಿಗೆ ಹಳದಿ ಚೀಟಿ ಅಂಟಿಸಿದ. ಫ್ಯಾಕ್ಟರಿಯಲ್ಲಿ ಹಳದಿ ಚೀಟಿಯ ಮಾಲನ್ನು ತೀರ್ಮಾನವಾಗುವವರೆಗೆ ಯಾರೂ ಮುಟ್ಟುವಂತಿಲ್ಲ.

“ಮೇಲಿನ ಅನ್ನ ಚೆನ್ನಾಗೇ ಇದೆ ಕಣೋ, ತಿನ್ನೋಣ.”

“ಕಾರಣ ಸಿಗೂತನಕ ಮುಟ್ಟಬ್ಯಾಡ.”

ಕಾರಣ ಸಿಗುವ ಹೊತ್ತಿಗೆ ಅನ್ನ ಹಳಸಿತ್ತು. “ಈಗ ಇದು ಹಳಸಿದ್ದು ಯಾಕ?” ಎಂದ.

ನಿಂತ ಬಸ್ಸು

ಕಂಪನಿ ಬಸ್ಸು ದಾರಿಯಲ್ಲಿ ನಿಂತಿತು. ಇವನು ಡ್ರೈವರನ್ನು ಹಿಡಿದುಕೊಂಡ.

“ಯಾಕೆ ನಿಂತಿತು?”

“ಡೀಸೆಲ್ ಇಲ್ಲ ಸಾರ್.”

“ಯಾಕೆ ಹಾಕಿಸಲಿಲ್ಲ?”

“ಹೊತ್ತಾಗಿತ್ತು.”

“ಯಾಕೆ ಹೊತ್ತಾಯ್ತು?”

“ದಿನಾ ನಿಮಗೋಸ್ಕರ ಸ್ಟಾಪಿನಲ್ಲಿ ಕಾಯ್ತೀನಲ್ಲ ಸಾರ್!”

ವಿಜಯವಾಡದಲ್ಲಿ

ಇಂಥವನಿಗೆ ಲ್ಯಾಬಿನ ಹುಡುಗಿಯೊಬ್ಬಳ ಮೇಲೆ ಪ್ರಾಣ. ಅವಳಿಗೆ ಮನೆಯವರು ಬೇರೆ ಗಂಡು ನೋಡುತ್ತಿದ್ದಾರೆಂದು ಕೇಳಿ ಊಟ ಬಿಟ್ಟ. ಪಾಪ, ನೋಡಲಾಗಲಿಲ್ಲ. ಅವಳು ರಜೆಗೆ ಊರಿಗೆ ಹೋಗಿದ್ದಾಗ ಇವನನ್ನು ರೈಲು ಹತ್ತಿಸಿ, ಇಂದ್ರಕೀಲಾದ್ರಿಯ ಬುಡದಲ್ಲಿದ್ದ ಅವಳ ಮನೆಗೆ ಕರೆದುಕೊಂಡು ಹೋದೆ. ಹರಕುಮುರುಕು ತೆಲುಗಿನಲ್ಲಿ ಅವಳ ಅಪ್ಪನ ಮುಂದೆ ವಿಷಯ ಇಟ್ಟೆವು.

“ಇದು ಆಗೋದಿಲ್ಲ ಬಾಬೂ.”

“ಯಾಕೆ ಸಾರ್?”

“ನಿಮ್ಮೂರು ದೂರ.”

“ದೂರ ಆದರೆ ಯಾಕೆ ಬೇಡ?”

“ಈಗ ವಾರವಾರ ಬರ್ತಾಳೆ. ಆಮೇಲೆ ಬರೋಕಾಗಲ್ಲ.”

“ವಾರವಾರ ಯಾಕೆ ಬರಬೇಕು?”

ಅಪ್ಪನ ಕಣ್ಣು ತುಂಬಿತು. “ಈ ಮನೆಯಲ್ಲಿ ನನ್ನ ಜೊತೆ ಜಗಳ ಆಡೋಳು ಅವಳೊಬ್ಬಳೇ.”

ಇವನು ಮುಂದಿನ ‘ಯಾಕೆ’ ಕೇಳಲಿಲ್ಲ. ಅವರ ಕೈ ಹಿಡಿದು, “ನಾನು ಈ ಕಡೆಯೇ ಇರ್ತೀನಿ ಸಾರ್. ವಾರವಾರ ಇಬ್ಬರೂ ಬಂದು ಜಗಳ ಆಡ್ತೀವಿ” ಎಂದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿಬಂತು.

ಅಪ್ಪ ಒಪ್ಪಿದರು. ಮಗಳನ್ನು ಕರೆದು, “ಈಗ ನಿನಗೆ ಸಂತೋಷ ತಾನೇ?” ಎಂದರು.

“ಯಾವುದಕ್ಕೆ?” ಎಂದಳು ಅವಳು.

ನಾನು ಇವನ ಕಡೆ ತಿರುಗಿದೆ. “ಅವಳಿಗೆ ಹೇಳೇ ಇಲ್ವೇನೋ?”

“ಫ್ಯಾಕ್ಟರ್‍ಯಾಗ ಮೊದಲ ಮ್ಯಾಲಿನವರ ಒಪ್ಪಿಗಿ ಅಲ್ಲೇನಲೇ?” ಎಂದು ಪಿಸುಗುಟ್ಟಿದ.

ಅಪ್ಪ ವಿಷಯ ತಿಳಿಸಿದರು. ಅವಳು ಇವನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಅಪ್ಪ ಒಪ್ಪಿದ್ದಾರಲ್ಲ, ಅವರನ್ನೇ ಮದುವೆ ಮಾಡ್ಕೊಳ್ಳಿ” ಎಂದು ಅಡುಗೆಮನೆಗೆ ಹೋದಳು.

ಇವನ ಮುಖ ಬಿಳುಚಿತು. ಅಷ್ಟರಲ್ಲಿ ಒಳಗಿನಿಂದ ಅಪ್ಪನನ್ನು ಕರೆಯುವ ನಗು ಬೆರೆತ ದನಿ ಕೇಳಿತು:

“ನಾನ್ನಾ, ಅವರ ಕಾಫಿಗೆ ಸಕ್ಕರೆ ಎಷ್ಟು ಅಂತ ನೀವೇ ಕೇಳಿ ಹೇಳಿ!”