ಮ್ಯಾಲಿನ ಟಾಕಿ, ಕೆಳಗಿನ ನಳ, ನಡುವ ನಾನು

ಜನ ಬಾಗಲಾ ಹಾಕ್ಕೊಂಡು ಮುಚ್ಚಿಟ್ಟಿದ್ದೆಲ್ಲಾ ಕಡೀಕ ಪೈಪಿನ್ಯಾಗ ಬಂದು ಬೀಳತದ. ರಾಯಚೂರು, ಮಾನ್ವಿ, ದೇವದುರ್ಗದ ಅಪಾರ್ಟ್‌ಮೆಂಟುಗಳ ನಳ, ಪೈಪು, ನೀರಿನ ಟಾಕಿ ನೋಡ್ಕೊಳ್ಳೋದು ನನ್ನ ಕಸುಬು. ಎಲ್ಲಾರೂ ನನ್ನ 'ನಳದ ಭಾಯ್' ಅಂತಾರ. ಬೆಳಿಗ್ಗಿ ನಟ್ಟು ತಿರುವೋ ಪಾನಾ ಚೀಲದಾಗ ಹಾಕ್ಕೊಂಡು ಗಾಡಿ ಚಾಲೂ ಮಾಡಿದ್ರ ಸಾಕು, ಏನಾರ ಒಂದು ಆಗೇ ಆಗತದ. ಮನಿಗೆ ಹೋಗಿ ಹೇಳಿದ್ರ ನನ್ನ ಹೆಂಡ್ತಿ "ಝೂಟ್ ಮತ್ ಬೋಲೋ ಜೀ" ಅಂತ ನಕ್ಕು ನಕ್ಕು ತವಾ ಮ್ಯಾಲಿನ ರೊಟ್ಟಿ ಹೊತ್ತಿಸತಾಳ. ಖುದಾ ಕಸಮ್, ಒಂದೂ ಸುಳ್ಳಲ್ಲ!

ಮಾತಾಡೋ ಪೈಪು

ರಾಯಚೂರಿನ ಒಂದು ಅಪಾರ್ಟ್‌ಮೆಂಟಿನ್ಯಾಗ ಒಬ್ಬ ರಿಟೈರ್ಡ್ ಮಾಸ್ತರು ಅದಾರ. ಒಂದಿನ ಫೋನಿನ್ಯಾಗ ಪಿಸುಗುಟ್ಟಿದ್ರು, "ಭಾಯ್, ಲಗೂ ಬಾ. ನಮ್ಮ ಬಚ್ಚಲ ಪೈಪಿನ್ಯಾಗ ಯಾರೋ ಹೆಂಗಸು ಮಾತಾಡಾಕತ್ತಾಳ!"

"ದೆವ್ವ ಬಿಡಸೋದು ನನ್ನ ಕೆಲಸ ಅಲ್ರಿ ಸರ್" ಅಂದೆ. ಆದ್ರೂ ಹೋದೆ. ಪೈಪಿಗೆ ಕಿವಿ ಹಚ್ಚಿದೆ, ಮಾಸ್ತರೂ ಹಚ್ಚಿದ್ರು. ಮೈ ಝುಂ ಅಂತು! ಖರೇನ ಹೆಂಗಸಿನ ದನಿ!

"ಮ್ಯಾಲಿನ ಮಾಸ್ತರ ಹೆಂಡ್ತಿ, ಗಂಡಗ ಗೊತ್ತಿಲ್ಲದಂಗ ಏನು ಮಾಡ್ಯಾಳ ಗೊತ್ತೇನು..."

ದೆವ್ವ ಅಲ್ಲ, ಕೆಳಗಿನ ಮನಿ ಅಕ್ಕೋರು. ಬಚ್ಚಲದಾಗ ಬಟ್ಟಿ ಒಗಕೋತ ತಂಗಿ ಜೋಡಿ ಫೋನಿನ್ಯಾಗ ಮಾತಾಡಾಕತ್ತಿದ್ರು. ಪೈಪ್ ಇಳಿಯೋ ತೂತಿನ ಸುತ್ತ ಸಿಮೆಂಟ್ ಉದುರಿ, ಮಾತೆಲ್ಲಾ ಸೀದಾ ಮ್ಯಾಲ ಬರ್ತಿತ್ತು. ಅಷ್ಟರಾಗ ಅವರ ಮನಿ ಕುಕ್ಕರ್ ಸೀಟಿ ಹೊಡೀತು, ಮಾತು ಅಲ್ಲೇ ನಿಂತುಬಿಡ್ತು.

ದೆವ್ವದ ಗುಟ್ಟು ಗೊತ್ತಾತು. ತೂತು ಮುಚ್ಚಾಕ ಸಿಮೆಂಟ್ ಕಲಸಿದೆ. ಮಾಸ್ತರು ನನ್ನ ಕೈ ಗಟ್ಟಿ ಹಿಡಕೊಂಡ್ರು.

"ಇವತ್ತ ಮುಚ್ಚಬ್ಯಾಡ ಭಾಯ್! ನನ್ನ ಹೆಂಡ್ತಿ ಏನು ಮಾಡ್ಯಾಳ ಅಂತ ಆಕಿ ಇನ್ನಾ ಹೇಳೇ ಇಲ್ಲ!"

ಬಲ್ತ ಬದನಿಕಾಯಿ

ಮಾನ್ವಿಯಾಗ ಒಂದು ಬಾಡಿಗಿ ಮನಿಗಳ ಬಿಲ್ಡಿಂಗು. ತುದಿ ಮಾಳಿಗ್ಯಾಗ ಮಾಲಕರು. ಬಾಡಿಗಿಗೆ ಬಂದೋರಿಗೆಲ್ಲಾ ಅವರದು ಒಂದೇ ಕಾನೂನು: "ಇಲ್ಲಿ ತತ್ತಿ ಸೈತ ಒಡೀಬಾರದು."

ಒಂದಿನ ಮಾಲಕರ ಸಿಂಕ್ ಜಾಮ್ ಆತು. ಎಲ್ಲಾ ಬಾಡಿಗಿದಾರರನ್ನ ಮ್ಯಾಲ ಕರ್ಸಿ ಸಾಲಾಗಿ ನಿಲ್ಲಿಸಿದ್ರು. "ಪೈಪಿನ್ಯಾಗ ಯಾರು ಏನು ತುರುಕೀರಿ, ಈಗ ಗೊತ್ತಾಗತದ! ಸಿಕ್ಕಿಬಿದ್ದವರು ಇವತ್ತೇ ಮನಿ ಖಾಲಿ ಮಾಡಬೇಕು!" ಪಾಪ, ಹೆಣ್ಮಕ್ಕಳು ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಿದ್ರು.

ನಾನು ಮಾಲಕರ ಸಿಂಕಿನ ಬುಡದ ಬೆಂಡ್ ಪೈಪು ಬಿಚ್ಚಿ ತಂತಿ ಹಾಕಿ ಎಳದೆ. ಟಣ್ ಟಣ್ ಅಂತ ತಾಟಿನ್ಯಾಗ ಬಿದ್ವು ನೋಡ್ರಿ, ಮಟನ್ ಎಲುಬು! ಕೆಳಗಿನ ಮನಿಯಿಂದ ಮ್ಯಾಲ ಹತ್ತಿ ಬರಾಕ ಎಲುಬಿಗೇನು ಕಾಲು ಅದಾವ?

ಮಾಲಕರು ಗಂಟಲು ಸರಿ ಮಾಡ್ಕೊಂಡು, "ಅದು... ನಿನ್ನಿ ಬದನಿಕಾಯಿ ಎಣ್ಣಿಗಾಯಿ ಮಾಡಿದ್ವಿ" ಅಂದ್ರು.

ಸಾಲಿನ್ಯಾಗ ನಿಂತಿದ್ದ ಒಬ್ಬ ಅಜ್ಜಿ ಮುಂದ ಬಂದು ಒಂದು ಎಲುಬು ಎತ್ತಿ ತಿರುವಿ ತಿರುವಿ ನೋಡಿದ್ಲು. "ಹೌದು ಬಿಡ್ರಿ ಮಾಲಕರ. ಬದನಿಕಾಯಿ ಭಾಳ ಬಲ್ತಿತ್ತು ಕಾಣ್ತದ, ಎಲುಬು ಮೂಡಿ ಬಿಟ್ಟಾವ!"

ತಣ್ಣೀರಿನ ಗೀಜರ್

ದೇವದುರ್ಗಕ್ಕ ಉಡುಪಿ ಕಡಿಂದ ಒಬ್ಬ ಬ್ಯಾಂಕಿನ ಸಾಹೇಬ್ರು ವರ್ಗ ಆಗಿ ಬಂದಿದ್ರು. ಸುಡು ಸುಡು ಬ್ಯಾಸಿಗಿ. ನನ್ನ ನೋಡಿದ ಕೂಡ್ಲೇ ಸಿಟ್ಟಿಗೆದ್ರು. "ಎಂಥ ಕೆಲಸ ಮಾರಾಯ್ರೆ ಇದು! ತಣ್ಣೀರಿನ ನಳ್ಳಿಯಲ್ಲಿ ಕುದಿಯುವ ನೀರು, ಬಿಸಿನೀರಿನದ್ದರಲ್ಲಿ ತಣ್ಣೀರು! ಪೈಪು ಅದಲುಬದಲು ಮಾಡಿದ್ದೀರಿ!"

ನಾನು ಬಾಯಿ ತೆಗಿಯೋದ್ರಾಗ ಎದುರು ಮನಿ ಅಮ್ಮ ನಕ್ಕೋತ ಬಂದ್ಲು. "ಯಪ್ಪಾ, ಪೈಪ್ ಸರಿ ಅದ. ಮ್ಯಾಲಿನ ಟಾಕಿ ಬಿಸಲಾಗ ಕುದಿತದ. ಗೀಜರ್ ನೆಳ್ಳಾಗ ಇರತದ. ಸ್ವಿಚ್ ಹಾಕಬ್ಯಾಡ, ರಾತ್ರಿ ನೀರು ತುಂಬಿಸಿಡು, ಮಧ್ಯಾಹ್ನ ಅದರಾಗಿಂದ ತಣ್ಣೀರು ಜಳಕ ಮಾಡು."

ಸಾಹೇಬ್ರಿಗೆ ಖುಷಿಯೋ ಖುಷಿ! ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿದ್ರು. "ಅಮ್ಮಾ, ಇಲ್ಲಿ ತಣ್ಣೀರು ಸ್ನಾನಕ್ಕೆ ಗೀಜರ್ ಬೇಕು ಗೊತ್ತುಂಟಾ!"

ಆ ಕಡಿಂದ ಅವರವ್ವನ ದನಿ ನಮಗೆಲ್ಲಾ ಕೇಳಿಸ್ತು. "ಮಗಾ, ಬಿಸಿಲು ತಲೆಗೆ ಏರಿದೆ ನಿನಗೆ. ಇವತ್ತೇ ರಜೆ ಹಾಕಿ ಮನೆಗೆ ಬಾ!"

ಸಾಬೂನಿನ ಹುಡುಗ

ಇದನ್ನ ನೆನಸಿದ್ರ ಈಗೂ ಹೊಟ್ಟಿ ಹಿಡಕೊಂಡು ನಗತೀನಿ. ರಾಯಚೂರಿನ್ಯಾಗ ಒಂದು ಅಪಾರ್ಟ್‌ಮೆಂಟು. ತುದಿ ಮಾಳಿಗಿ ಮನಿ ಹುಡುಗನ ಮದಿವಿ. ಅದೇ ಮುಂಜಾನಿ ಟಾಕಿಯಿಂದ ಇಳಿಯೋ ಪೈಪ್ ಪಟಾರ್ ಅಂತ ಒಡದು ತಾರಸಿ ತುಂಬ ಹೊಳಿ! ಫೋನ್ ಬಂತು, ಓಡಿ ಹೋಗಿ ವಾಲ್ ಬಂದ್ ಮಾಡಿದೆ. ಟಾಕಿಯಾಗಿನ ನೀರು ಉಳೀತು ಖರೆ, ಕೆಳಗ ಬಿಲ್ಡಿಂಗಿನ ನಳ ಎಲ್ಲಾ ಗಪ್!

ಬಚ್ಚಲ ಬಚ್ಚಲದಾಗಿಂದ ಒಂದೇ ಕೂಗು: "ನೀರೋ! ನೀರೋ!"

ಮೆಟ್ಲ ಮ್ಯಾಲ ದಡದಡ ಸಪ್ಪಳ ಆತು. ನೋಡ್ತೀನಿ, ಮದುಮಗ! ಸೊಂಟಕ್ಕ ಟವೆಲ್, ತಲಿಯಿಂದ ಮೊಣಕಾಲ ತನಕ ಬೆಳ್ಳಗ ನೊರಿ, ಕೈಯಾಗ ಖಾಲಿ ಬಕೀಟು.

"ಭಾಯ್, ಮುಹೂರ್ತ ಮೀರತದ! ಕಣ್ಣು ಉರಿಯಾಕತ್ತಾವ!"

"ತಡಿಯಪಾ, ಟಾಕಿ ಮುಚ್ಚಳಾ ತೆಗದು ನೀರು ಕೊಡತೀನಿ" ಅನ್ನೋದ್ರಾಗ, ಅದೇ ಮೆಟ್ಲ ಹತ್ತಿ ಕುರ್ಡಿ ಊರಿಂದ ಹೆಣ್ಣಿನ ಕಡಿಯೋರು ಬಂದ್ರು! ಮದುಮಗನ್ನ ಕರಕೊಂಡು ಹೋಗಾಕ ಬಂದೋರು, ಮನಿ ತಿಳೀದ ಒಂದು ಮಾಳಿಗಿ ಹೆಚ್ಚಿಗಿ ಹತ್ತಿ ತಾರಸಿಗೇ ಬಂದಿದ್ರು. ಎಲ್ಲಾರಗಿಂತ ಮುಂದ ಮದುಮಗಳ ಅಜ್ಜಿ, ಕೈಯಾಗ ಆರತಿ ತಾಟು.

ಹುಡುಗ ಕಲ್ಲಿನಂಗ ನಿಂತ. ಅಜ್ಜಿ ನೊರಿಯನ್ನ ಮ್ಯಾಲಿಂದ ಕೆಳಗ ನೋಡಿ ಕೇಳಿದ್ಲು, "ಯಪ್ಪಾ, ಮದುಮಗ ಎಲ್ಲಿ ಅದಾನ?"

ಹುಡುಗ ಬಕೀಟು ಎದಿಗೆ ಅವಚಿಕೊಂಡು, ದನಿ ಬದಲಿ ಮಾಡಿ, "ಕೆಳಗ ಜಳಕ ಮಾಡಾಕತ್ತಾನ್ರೀ ಯವ್ವಾ. ಮೆಟ್ಲು ಹಸಿ ಅದಾವ, ಸಾವಕಾಶ ಇಳೀರಿ" ಅಂದ.

ಅವರು ಇಳದ್ರು. ನಾನು ಹುಡುಗನ್ನ ಟಾಕಿ ಹಿಂದ ನಿಲ್ಲಿಸಿ ಬಕೀಟಿನ ಮ್ಯಾಲ ಬಕೀಟು ಸುರುವಿದೆ. ಹುಡುಗನ ಅವ್ವ ಬೀಗರಿಗೆ ಚಾ ಕೊಡೋದ್ರಾಗ ಅಂವ ಎದುರು ಮನ್ಯಾಗ ಬಟ್ಟಿ ಹಾಕ್ಕೊಂಡು, ಪೇಟಾ ಸುತ್ತಿಕೊಂಡು ರಾಜನಂಗ ಬಂದ. ಮುಹೂರ್ತ ತಪ್ಪಲಿಲ್ಲ. ನನಗೂ ಊಟಕ್ಕ ಬರಲೇಬೇಕು ಅಂದ್ರು, ಹೋದೆ.

ಊಟದಾಗ ಅಜ್ಜಿ ನನ್ನ ಗುರ್ತು ಹಿಡದು ಬಾಜೂಕ ಬಂದು ಕುಂತ್ಲು. ಮಂಟಪದ ಕಡಿ ನೋಡಿ, "ನಮ್ಮ ಅಳಿಯ ಛಲೋ ಅದಾನ. ಆದ್ರ ನನ್ನ ಮುಂದ ಬಾಯೇ ಬಿಡವಲ್ಲ" ಅಂದ್ಲು. ಆಮ್ಯಾಲ ನನ್ನ ಕಿವಿ ಹತ್ರ ಬಗ್ಗಿದ್ಲು.

"ಯಪ್ಪಾ, ಮುಂಜಾನಿ ಆ ಸಾಬೂನಿನ ಹುಡುಗ ಎಷ್ಟು ಮರ್ಯಾದಿಲಿ ಮಾತಾಡಿದ ನೋಡು! ಅವಗ ಮದಿವಿ ಆಗ್ಯಾದೇನು? ನನ್ನ ಸಣ್ಣ ಮೊಮ್ಮಗಳು ಇನ್ನಾ ಉಳದಾಳ!"