ಶ್ಯಾವಿಗೆ ಮಷಿನ್ನಿಗೆ ಬಂದ ದೇವಿ

“ಇವಾ ಇಂಜಿನಿಯರ್ ಆಗೂದು ಆಗಲಾರದ ಮಾತು. ನಿಮ್ಮ ಮನಿತನದಾಗ ಹತ್ತನೇತ್ತಾ ದಾಟಿದವ್ರ ಇಲ್ಲ!” ಎಂದಿದ್ದವರು ಕುಷ್ಟಗಿಯ ಬಸಣ್ಣ ಮಾವ, ನನ್ನ ಸೋದರತ್ತೆ ಶಾಂತವ್ವನ ಗಂಡ. ನಾನು ದಾಟಿದೆ. ಬಿದ್ದು, ಎದ್ದು, ಫೇಲಾದ ವಿಷಯಗಳನ್ನು ಮತ್ತೆ ಮತ್ತೆ ಬರೆದು ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿಯೇ ದಾಟಿದೆ! ಹಾಗಾಗಿ ಶಾಂತವ್ವ ಅತ್ತೆ ದಾಳಿಂಬೆ ತೋಟದ ಕೂಲಿ ಬಿಟ್ಟು ಶ್ಯಾವಿಗೆ ಮಷಿನ್ ಹಾಕಲು ಹೊರಟಾಗ, ವೈರಿಂಗ್ ಹೊಣೆಯನ್ನು ನಾನೇ ಕೇಳಿ ಪಡೆದೆ. ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರ್ ಅದನ್ನು ಪಾಸು ಮಾಡದಿದ್ದರೆ ಅತ್ತೆ ಮತ್ತೆ ಕೂಲಿಗೆ ಹೋಗಬೇಕಿತ್ತು.

ಮೀಟರಿನಿಂದ ಹಿತ್ತಲಿನ ಶೆಡ್ಡಿಗೆ ಆರ್ಮರ್ಡ್ ಕೇಬಲ್ ಎಳೆದೆ. ಮೈತುಂಬ ಉಕ್ಕಿನ ತಂತಿಗಳ ಅಂಗಿ ತೊಟ್ಟ ಕೇಬಲ್ ಅದು. “ಮಷಿನ್ನಿಂದ ಸೋರಿದ ಕರೆಂಟನ್ನ ಈ ಅಂಗಿನ ಭೂಮಿಗೆ ಮುಟ್ಟಸತೈತಿ. ಬ್ಯಾರೆ ಅರ್ತ್ ವೈರ್ ದಂಡ!” ಎಂದು ಮಾವನಿಗೆ ಭಾಷಣ ಬಿಗಿದೆ. ಆ ಕರೆಂಟು ನೆಲಕ್ಕಿಳಿಯಲೆಂದು ಮೀಟರಿನ ಬಳಿ ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿಯೂ ಆಯಿತು. ಅಂಥ ಗುಂಡಿ ಇಡೀ ತಾಲ್ಲೂಕಿನಲ್ಲಿಲ್ಲ!

ಕೇಬಲ್ಲಿನ ಎರಡೂ ತುದಿಗಳಲ್ಲಿ ಆ ಉಕ್ಕಿನ ತಂತಿಗಳು ಕೈಗೆ ಚುಚ್ಚುತ್ತಿದ್ದವು. ಟೇಪಿನಿಂದ ಅಚ್ಚುಕಟ್ಟಾಗಿ ಸುತ್ತಿಬಿಟ್ಟೆ. ಮುಹೂರ್ತಕ್ಕೆ ಬೀಗರು ಬರುತ್ತಾರಲ್ಲ, ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಗೆ ಒಳಗೂ ಹೊರಗೂ ದಪ್ಪಗೆ ಹಸಿರು ಬಣ್ಣ ಬಳಿದೆ.

ಮುಹೂರ್ತ ಬೆಳಗ್ಗೆ. ಇನ್‌ಸ್ಪೆಕ್ಟರ್ ಬರುವುದು ಮಧ್ಯಾಹ್ನ. ಕಾಯುವ ತಾಳ್ಮೆ ಯಾರಿಗಿದೆ?

ಮಷಿನ್ ಗುರ್ರೆಂದಿತು. ಅತ್ತೆ ಹಿಟ್ಟು ನಾದಿದ ಒದ್ದೆ ಕೈಯಿಂದಲೇ ಅದಕ್ಕೆ ಕುಂಕುಮ ಹಚ್ಚಿದಳು.

“ಯವ್ವಾ! ಮೈಯೆಲ್ಲಾ ಜುಮ್ ಅಂತು! ದೇವಿ ಬಂದ್ಲು!”

ಓಣಿಯ ಹೆಂಗಸರು ಬರಿಗಾಲಲ್ಲಿ ಸಾಲು ಹಚ್ಚಿದರು.

“ನಂಗೂ ಜುಮ್ ಅಂತಬೇ!”

“ನಿನ್ನ ಕೈಗುಣ ಭಾಳ ಛಲೋ ಐತಿ ನೋಡಪಾ!”

ನನಗೂ ಹೆಮ್ಮೆಯಾಯಿತು. ಒಂದೇ ಒಂದು ಕ್ಷಣ! ಮರುಕ್ಷಣ ವಿಷಯ ಹೊಳೆದು, ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ.

“ಯಾಕ ಬಂದ್ ಮಾಡಿದಿ? ಈಗರ ನನ್ನ ಪಾಳಿ ಬಂದಿತ್ತು!” ಎಂದು ಮುದುಕಿಯೊಬ್ಬಳು ಜಗಳಕ್ಕೆ ನಿಂತಳು.

“ಆಯಿ, ಅದು ದೇವಿ ಅಲ್ಲಬೇ, ಕರೆಂಟ್! ಸತ್ತಗಿತ್ತೀ!”

“ಮುಹೂರ್ತದಾಗ ಸಾಯೂ ಮಾತಾಡ್ತೀ ಏನೋ, ಮೂಳಾ!”

ಮಧ್ಯಾಹ್ನ ಬಂದ ಇನ್‌ಸ್ಪೆಕ್ಟರ್ ನನ್ನ ಟೇಪು ಬಿಚ್ಚಿಸಿದರು. ನನ್ನ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದರು.

“ಗುಂಡಿ ಐತಿ, ಕೇಬಲ್ಲಿಗೆ ಅಂಗಿನೂ ಐತಿ. ಟೇಪು, ಬಣ್ಣ ಅಡ್ಡ ಬಂದು ಒಂದಕ್ಕೊಂದು ಮುಟ್ಟೇ ಇಲ್ಲಲ್ರೀ! ಯಾರ್ರೀ ಇದನ್ನ ಮಾಡಿದವ್ರು?”

“ನಮ್ಮ ಇಂಜಿನಿಯರ್ ಸಾಹೇಬ್ರು,” ಎಂದರು ಮಾವ. ಅಷ್ಟು ಗೌರವ ಅವರು ನನಗೆ ಅದಕ್ಕೂ ಮೊದಲು ಕೊಟ್ಟಿರಲಿಲ್ಲ.

ನನ್ನದೇ ಗುಂಡಿಯಲ್ಲಿ ನಾನೇ ಇಳಿದು ಮುಚ್ಚಿಕೊಂಡುಬಿಡಲೇ ಎನ್ನಿಸಿತು. ಇಳಿಯಲಿಲ್ಲ, ಬಣ್ಣ ಕೆರೆದೆ, ಉಕ್ಕಿನ ತಂತಿಗಳನ್ನು ಎರಡೂ ತುದಿಗೆ ಕ್ಲಾಂಪಿನಿಂದ ಬಿಗಿದೆ, ದಂಡ ಎಂದಿದ್ದ ಅರ್ತ್ ವೈರನ್ನೂ ಎಳೆದೆ. ಮತ್ತೊಮ್ಮೆ ಪರೀಕ್ಷಿಸಿದ ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಕೊಟ್ಟರು. ಅತ್ತೆಯ ಕೂಲಿ ತಪ್ಪಿತು!

ಅತ್ತೆ ಹಿಟ್ಟಿನ ಕೈಯಿಂದ, ಮತ್ತೆ ಗುರ್ರೆನ್ನುತ್ತಿದ್ದ ಮಷಿನ್ ಮುಟ್ಟಿದಳು. ಏನೂ ಆಗಲಿಲ್ಲ. ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದರು.

ಸರ್ಟಿಫಿಕೇಟನ್ನು ಮಾವನ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನಾ ಅಂದದ್ದು ತಪ್ಪಾತಪಾ. ನಿಮ್ಮ ಮನಿತನದಾಗ ಇಂಜಿನಿಯರ್ ಆದಾವ ನೀನ ಮೊದಲನೇದಾವ. ತಾನಾಗೇ ಬಂದಿದ್ದ ದೇವಿನ್ನ ಹೊರಗ ಹಾಕಿದಾವನೂ ನೀನ ಮೊದಲನೇದಾವ!”