ಕೆಂಪಿಯನ್ನು ಕರೆಯುವ ಪೆಟ್ಟಿಗೆ

ಮಾನ್ಯ ಓದುಗರಲ್ಲಿ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತು, ದೀರ್ಘಗಳಲ್ಲಿಯೂ ಲೋಪಗಳಿರಬಹುದು. ಈವರೆಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ ಮೊದಲಿಗೇ ಕ್ಷಮೆ ಕೋರುತ್ತೇನೆ.

ವಿಷಯ: ಪೆನ್‌ಡ್ರೈವಿನ ಅಪ್ಪಣೆ ಕೇಳುವ ನನ್ನ ಸೋದರಮಾವ.

ಇದು ಉತ್ಪ್ರೇಕ್ಷೆಯಲ್ಲ! “ಸ್ವಾಮಿ, ತೆಗೀಲಾ?” ಎಂದು ಕೇಳಿ, ದೀಪ ಆರಿದ ಮೇಲೆಯೇ ಅದನ್ನು ಕೀಳುವರು. ಸದರಿಯವರು ಕಡೂರಿನ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿದ್ದು ನಿವೃತ್ತರಾದವರು. ಈಗ ಎಮ್ಮೆದೊಡ್ಡಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಮನೆಯಲ್ಲಿ, ಬೆಂಕಿಪೊಟ್ಟಣದಷ್ಟಿರುವ ಮೈಕ್ರೋಕಂಟ್ರೋಲರ್ ಬೋರ್ಡಿಗೆ, ಎಂದರೆ ಪುಟ್ಟ ಕಂಪ್ಯೂಟರಿಗೆ, ಪೆನ್‌ಡ್ರೈವ್ ಓದಲು ಕಲಿಸುತ್ತಾರೆ. ಬೋರ್ಡಿನ ಹೆಸರು ಗುಮಾಸ್ತ.

“ಲೇ ಅಳಿಯಾ, ಪೆನ್‌ಡ್ರೈವ್ ಅಂದ್ರೆ ರೆಕಾರ್ಡ್ ರೂಮು ಕಣೋ. ಕಡತದ ಹಾಳೆ ಒಂದೊಂದು ಒಂದೊಂದು ಗೂಡಲ್ಲಿರ್ತವೆ. ಯಾವ ಗೂಡಾದ್ಮೇಲೆ ಯಾವ ಗೂಡು ಅಂತ ಬಾಗ್ಲಲ್ಲೇ ಒಂದು ಪಟ್ಟಿ. ಅದಕ್ಕೇ ಫ್ಯಾಟ್ ಅಂತಾರೆ. ನನ್ ಗುಮಾಸ್ತ ಅದನ್ನ ನೋಡ್ಕೊಂಡು ಓದ್ತಾನೆ. ಬರೆಯೋ ಅಧಿಕಾರ ಕೊಟ್ಟಿಲ್ಲ.”

“ಯಾಕ್ ಮಾವ?”

“ಬರೆಯೋ ಗುಮಾಸ್ತರನ್ನ ಸರ್ವಿಸ್ನಲ್ಲಿ ಬೇಕಾದಷ್ಟು ನೋಡಿದೀನಿ!”

ಗುಮಾಸ್ತನನ್ನು ಒಂದು ಸ್ಪೀಕರಿನೊಂದಿಗೆ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಗುಂಡಿ ಒತ್ತಿದರೆ ಮೊದಲು ಕಂಡ ಕಡತವನ್ನು ನುಡಿಸುವುದಷ್ಟೇ ಅವನ ಕೆಲಸ. ಮಾವ ಪರೀಕ್ಷೆಗೆಂದು ಮೊದಲು ಹಾಕಿದ್ದು, ಅತ್ತೆ ಸಂಜೆ ಹಸುವನ್ನು ಕರೆಯುವ ದನಿ. ತರೀಕೆರೆಯ ನಾಮಕರಣವೊಂದಕ್ಕೆ ಅದೇ ಪೆನ್‌ಡ್ರೈವಿಗೆ ನಾದಸ್ವರವನ್ನೂ ಸೇರಿಸಿಕೊಂಡು ಹೋದರು. ತೊಟ್ಟಿಲ ಮುಂದೆ ಗುಂಡಿ ಒತ್ತಿದರು.

“ಕೆಂಪೀ... ಬಾರೇ ತಾಯಿ, ಕತ್ಲಾಯ್ತು ಬಾರೇ... ರೀ, ನೀವೂ ಬನ್ರೀ, ಮುದ್ದೆ ಆರೋಯ್ತದೆ!”

ಮಗುವಿನ ಹೆಸರು ಕೆಂಪಿಯೆಂದೇ ತಿಳಿದು ಮುಂದಿನ ಸಾಲಿನ ಅಜ್ಜಿಯೊಬ್ಬರು ಅಕ್ಷತೆ ಹಾಕಿಯೇಬಿಟ್ಟರು! “ಏನ್ ಅಕ್ಕಯ್ಯಾ, ಹಸೂನ ಮೊದ್ಲು ಕರ್ದು ಭಾವನ್ನ ಆಮೇಲೆ ಕರೀತಿಯಾ?” ಎಂದು ಅತ್ತೆಯವರ ತಂಗಿಯರು ಕಾಡಿದರು. ಅತ್ತೆ ಮನೆಗೆ ಬಂದವರೇ ಪೆನ್‌ಡ್ರೈವನ್ನು ತಮ್ಮ ಫೋನಿಗೆ ಸಿಕ್ಕಿಸಿ, ಯಾರಿಗೂ ಹೇಳದೆ ಸದರಿ ಕಡತವನ್ನು ಅಳಿಸಿಬಿಟ್ಟರು.

ಆನಂತರ ಅತ್ತೆಯವರ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಕೆಂಪಿ, ಅತ್ತೆಯವರು ಅಜ್ಜಂಪುರದ ತವರಿನಿಂದ ಎಳೆಗರುವಾಗಿ ತಂದು ಸಾಕಿದ ಹಸು. ಅನ್ಯರ ಕರೆಗೆ ಕಿವಿಯನ್ನೂ ಅಲುಗಿಸದು. ಈಗ ತುಂಬು ಗಬ್ಬ; ಕಾವಲಿನಲ್ಲಿ ಚಿರತೆಯ ಸುದ್ದಿ ಬೇರೆ. ಆಸ್ಪತ್ರೆಯಿಂದ ಬಂದ ಸಂಜೆ ಅತ್ತೆ ಬೇಲಿಯ ಬಳಿ ನಿಂತು ಬಾಯಿ ತೆರೆದರೆ ಗಾಳಿಯಷ್ಟೇ ಹೊರಟಿತು. ಹಸು ದೂರದಲ್ಲಿ ಮೇಯುತ್ತಲೇ ಇತ್ತು. ಮಾವ ಓಡಿಬಂದು ಪೆಟ್ಟಿಗೆಯ ಗುಂಡಿ ಒತ್ತಿದರು. ನಾದಸ್ವರ ಮೊಳಗಿತು!

ಅತ್ತೆ ಪೆಟ್ಟಿಗೆ ತೋರಿಸಿ, ಎದೆ ಮುಟ್ಟಿಕೊಂಡು, ತಾವೇ ಅಳಿಸಿದ್ದೆಂದು ಕೈಸನ್ನೆ ಮಾಡಿದರು. ಅಂದು ನಾನೂ ಆಳುಗಳೂ ಹಗ್ಗ ಹಾಕಿ ಕೆಂಪಿಯನ್ನು ಎಳೆದು ತಂದೆವು.

ಮಾವ ಬೈಯಲಿಲ್ಲ.

“ಅಳಿಸಿದ್ರೆ ಎಲ್ ಹೋಗ್ತದೆ ಕಣೇ? ಹೆಸರಿನ ತಲೆ ಅಕ್ಷರಕ್ಕೆ ಗೀಟು ಹಾಕಿ, ಪಟ್ಟಿಯಿಂದ ಕಿತ್ತಾಕ್ತಾರೆ ಅಷ್ಟೇ. ಹಾಳೆ ಕೂತಲ್ಲೇ ಕೂತಿರ್ತದೆ. ಮೇಲೆ ಬೇರೆ ಏನೂ ಬರೀಬಾರ್ದು. ನನ್ ಗುಮಾಸ್ತ ಬರೆಯೋನೇ ಅಲ್ವಲ್ಲ!”

ಮರುದಿನವೆಲ್ಲ ಕುಳಿತು, ಗೀಟು ಬಿದ್ದದ್ದನ್ನೂ ಓದುವಂತೆ ಗುಮಾಸ್ತನಿಗೆ ಹೊಸ ಆದೇಶ ಬರೆದರು. ಪಟ್ಟಿ ಬರಿದಾಗಿದ್ದರೂ ಮೊದಲ ಗೂಡಿನ ಗುರುತು ಉಳಿದಿತ್ತು; ಅಲ್ಲಿಂದ ಹಾಳೆಗಳು ಸಾಲಾಗಿಯೇ ಇದ್ದವು. ಸಂಜೆ ಬೇಲಿಯ ಬಳಿ ಅತ್ತೆಯವರ ದನಿ ಎದ್ದಿತು. ಕೆಂಪಿ ತಲೆ ಎತ್ತಿತು, ಹೊಟ್ಟೆ ತೂಗಿಸಿಕೊಂಡು ಬಂದಿತು. ಬಂದು ಪೆಟ್ಟಿಗೆಯನ್ನು ನೋಡದೆ ಅತ್ತೆಯವರ ಕೈ ನೆಕ್ಕಿತು.

“ಕೊನೇ ಮಾತು ಕತ್ತರಿಸಿಬಿಡಿ ಮಾವ, ಹಸೂಗೆ ಅದ್ಯಾಕೆ?” ಎಂದೆ.

ಮಾವ ಮತ್ತೊಮ್ಮೆ ಗುಂಡಿ ಒತ್ತಿದರು. ಅವರೇ ಒತ್ತಿದ ಗುಂಡಿ, ಅವರೇ ಕಟ್ಟಿದ ಪೆಟ್ಟಿಗೆ. “ರೀ, ನೀವೂ ಬನ್ರೀ” ಎಂದು ಅದು ಕರೆದೊಡನೆ “ಬಂದೆ ಕಣೇ” ಎಂದು ಗಟ್ಟಿಯಾಗಿ ಓಗೊಟ್ಟು, ಕೈ ತೊಳೆಯಲು ಎದ್ದರು. ಈಗಲೂ ಪ್ರತಿ ಸಂಜೆ ಹಾಗೆಯೇ ಏಳುತ್ತಾರೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಅತ್ತೆಯವರ ಆ ಮಾತೊಂದನ್ನು ಮಾತ್ರ ಇದ್ದ ಹಾಗೆಯೇ ಬಿಡತಕ್ಕದ್ದು.